ಡಿಕ್ಕಿಯಾಗಿದ್ದೇ ಗೊತ್ತಾಗದಿದ್ದಾಗ ನೋಟಿಸ್ ಬಂದರೆ

ಪಾರ್ಕಿಂಗ್‌ನಿಂದ ತೆಗೆಯುವಾಗ ಪಕ್ಕದ ಕಾರಿಗೆ ತಾಗಿದ್ದು ಗೊತ್ತೇ ಆಗಲಿಲ್ಲ, ಈಗ ಪೊಲೀಸ್ ನೋಟಿಸ್ ಬಂದಿದೆ ಅಂದಿದ್ದೀರಿ. ಬಹುಶಃ ಯಾರೋ ನಂಬರ್ ಬರೆದುಕೊಂಡಿದ್ದಾರೆ, ಇಲ್ಲವೇ ಸಿಸಿಟಿವಿಯಲ್ಲಿ ಸಿಕ್ಕಿದೆ.

ಇಂಥ ಕೇಸಿನಲ್ಲಿ ತಾಗಿದ್ದು ನಿಮಗೆ ತಿಳಿದಿತ್ತೇ ಎಂಬುದೇ ದೊಡ್ಡ ಪ್ರಶ್ನೆ. ಹಾಗಾಗಿ ಮೊದಲು ಕಾರನ್ನು ಇದ್ದ ಹಾಗೇ ಬಿಡಿ. ತೊಳೆಸಬೇಡಿ, ಡೆಂಟ್ ತೆಗೆಸಲೇಬೇಡಿ. ಸಾಕ್ಷ್ಯ ಅಳಿಸಿದಿರಿ ಅನ್ನಿಸಿಬಿಟ್ಟರೆ ಸಣ್ಣ ಗೀರೂ ದೊಡ್ಡ ಕೇಸಾಗುತ್ತದೆ. ಎಲ್ಲ ಬದಿಯಿಂದ ಫೋಟೊ ತೆಗೆಯಿರಿ. ಡ್ಯಾಶ್‌ಕ್ಯಾಮ್ ಇದ್ದರೆ ಆ ದಿನದ ವಿಡಿಯೊ ಇವತ್ತೇ ಕಾಪಿ ಮಾಡಿಕೊಳ್ಳಿ, ಹಳೆಯದು ತಾನಾಗಿ ಅಳಿಸಿಹೋಗುತ್ತದೆ.

ಆಮೇಲೆ ವಕೀಲರು. ಅವರನ್ನು ಕಾಣುವ ಮುನ್ನ ಹೇಳಿಕೆ ಕೊಡಬೇಡಿ, ಆ ಕಾರಿನವರಿಗೆ ಫೋನೂ ಮಾಡಬೇಡಿ. ನೋಟಿಸಿನ ದಿನಾಂಕ ಮಾತ್ರ ದಯವಿಟ್ಟು ತಪ್ಪಿಸಬೇಡಿ. ಗಾಡಿ ಓಡಿಸಿದ್ದು ಯಾರೆಂದು ಮಾಲೀಕರು ಹೇಳಲೇಬೇಕೆಂಬ ನಿಯಮ ಕೆಲವೆಡೆ ಇದೆ. ಅದನ್ನು ವಕೀಲರಲ್ಲಿ ಮೊದಲೇ ಕೇಳಿ. ವಿಮಾ ಕಂಪನಿಗೂ ಅವರ ಸಲಹೆಯಂತೆ ಬೇಗ ಬರೆದು ತಿಳಿಸಿ.