ಆಪ್ತಸಲಹೆ ಪ್ರಕರಣ: ಕಿಮೋ ವಾರ್ಡಿನ ಶುಶ್ರೂಷಕಿ

ವಿಜಯಪುರದ ಖಾಸಗಿ ಆಸ್ಪತ್ರೆಯೊಂದರ ಕಿಮೋ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದ, ಎರಡು ತಿಂಗಳ ಗರ್ಭಿಣಿಯಾದ ಶುಶ್ರೂಷಕಿಯೊಬ್ಬರು ನಿದ್ರೆ ಬರುತ್ತಿಲ್ಲವೆಂದು ನನ್ನಲ್ಲಿಗೆ ಬಂದರು. (ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ.) ಹಿಂದಿನ ವರ್ಷ ಅವರಿಗೆ ಗರ್ಭಪಾತವಾಗಿತ್ತು. ಮನಸ್ಸಿನಲ್ಲಿದ್ದ ಮಾತು ಎರಡನೆಯ ಭೇಟಿಯಲ್ಲಿ ಹೊರಬಂದಿತು: "ಆ ಕೂಸು ಹೋಗಿದ್ದು ನನ್ನ ಕೈಲೇ ಏನ್ರಿ, ಮೇಡಂ?"

ಸೈಕ್ಲೋಫಾಸ್ಫಮೈಡ್, ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧಗಳನ್ನು ಅವರು ಫ್ಯಾನಿನ ಕೆಳಗೆ, ತೆರೆದ ಮೇಜಿನ ಮೇಲೆ, ಒಂದೇ ಜೊತೆ ಸಾಧಾರಣ ಗ್ಲೌಸ್ ಧರಿಸಿ ಬೆರೆಸುತ್ತಿದ್ದರು. ಸೂಜಿಯನ್ನು ವಯಲ್‌ನಿಂದ (ಔಷಧದ ಪುಟ್ಟ ಸೀಸೆಯಿಂದ) ಹೊರಗೆಳೆಯುವಾಗ ಒಳಗಿನ ಒತ್ತಡಕ್ಕೆ ಕಣ್ಣಿಗೆ ಕಾಣದ ಹನಿಗಳು ಚಿಮ್ಮಬಹುದು. ಸರ್ಜಿಕಲ್ ಮಾಸ್ಕ್ ಅವುಗಳಿಂದ ಸಾಕಷ್ಟು ರಕ್ಷಣೆ ಕೊಡುವುದಿಲ್ಲ. ಫಿನ್ಲೆಂಡಿನ ಶುಶ್ರೂಷಕಿಯರ ಮೇಲೆ ನಡೆದು 1985ರಲ್ಲಿ ಪ್ರಕಟವಾದ ಅಧ್ಯಯನವು ಈ ಔಷಧಗಳ ಸಂಪರ್ಕಕ್ಕೂ ಗರ್ಭನಷ್ಟಕ್ಕೂ ಸಂಬಂಧವನ್ನು ತೋರಿಸಿತ್ತು. ಆದ್ದರಿಂದ "ಏನೂ ಆಗುವುದಿಲ್ಲ" ಎಂದು ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ. ಆರಂಭದ ತಿಂಗಳುಗಳ ಗರ್ಭಪಾತಗಳಲ್ಲಿ ಹೆಚ್ಚಿನವು ವರ್ಣತಂತುಗಳ ದೋಷದಿಂದ ಆಗುತ್ತವೆ, ಒಬ್ಬರ ವಿಷಯದಲ್ಲಿ ಇಂಥದೇ ಕಾರಣವೆಂದು ಹೇಳಲಾಗದು ಎಂದು ವಿವರಿಸಿದೆ. ಔಷಧವೇ ಕಾರಣವಾಗಿದ್ದರೂ, ಸುರಕ್ಷಾ ಕ್ಯಾಬಿನೆಟ್ (ಔಷಧದ ಹನಿಗಳು ಬೆರೆಸುವವರತ್ತ ಬಾರದಂತೆ ತಡೆಯುವ ಗೂಡು) ಇಲ್ಲದೆ ಬೆರೆಸಲು ಹೇಳಿದವರ ಹೊಣೆಯನ್ನು ನೀವು ಹೊತ್ತುಕೊಳ್ಳಬೇಕಿಲ್ಲ ಎಂದೆ. ಅವರು ಬಹಳ ಹೊತ್ತು ಅತ್ತರು.

ಮೂರನೆಯ ಭೇಟಿಗೆ ಪತಿಯೂ ಬಂದರು. ನೌಕರಿ ಬಿಡಿಸಬೇಕೆಂಬುದು ಅವರ ಹಟ. ಮನೆ ಸಾಲದ ಕಂತು ಇವರ ಸಂಬಳದಿಂದಲೇ ಹೋಗುತ್ತಿತ್ತು. ಬಿಡುವ ಮೊದಲು ಕೇಳಿ ನೋಡೋಣವೆಂದು ನಾವು ಪತ್ರ ಬರೆದೆವು: ಗರ್ಭಿಣಿಯಾದ್ದರಿಂದ ಔಷಧ ಬೆರೆಸುವ, ಕೊಡುವ ಕೆಲಸದಿಂದ ಕೂಡಲೇ ಬಿಡುಗಡೆ ಬೇಕು, ಉಳಿದವರಿಗೆ ಕ್ಯಾಬಿನೆಟ್, ಅರ್ಧ ಗಂಟೆಗೊಮ್ಮೆ ಬದಲಿಸುವ ಎರಡು ಜೊತೆ ಗ್ಲೌಸ್, ದ್ರವ ಹೀರದ ಉದ್ದ ತೋಳಿನ ಗೌನ್, ಔಷಧ ಚೆಲ್ಲಿದರೆ ಬಳಸುವ ಕಿಟ್ ಬೇಕು. ಕಿಮೋ ತ್ಯಾಜ್ಯವನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳದಿ ಚೀಲಕ್ಕೇ ಹಾಕಬೇಕೆಂಬುದನ್ನೂ ಸೇರಿಸಿದೆವು. ಪತ್ರದ ಒಂದು ಪ್ರತಿಯನ್ನು ಇಟ್ಟುಕೊಳ್ಳಿ, ಮುಟ್ಟಿದ ಔಷಧಗಳ ಪಟ್ಟಿಯನ್ನು ಪ್ರಸೂತಿ ವೈದ್ಯರಿಗೆ ತೋರಿಸಿ ಎಂದೆ. ವಾರ್ಡಿನಲ್ಲಿರುವಷ್ಟು ದಿನ, ಔಷಧ ಪಡೆದ ರೋಗಿಯ ಮಲಮೂತ್ರ, ವಾಂತಿಯನ್ನು ಕನಿಷ್ಠ 48 ಗಂಟೆ ಬೇರೆಯವರೇ ನೋಡಿಕೊಳ್ಳಲಿ, ಅವರೂ ಗ್ಲೌಸ್, ಗೌನ್ ಧರಿಸಲಿ, ಕೈಯನ್ನು ಸೋಪು ನೀರಿನಿಂದಲೇ ತೊಳೆಯಲಿ, ಸ್ಯಾನಿಟೈಸರ್ ಈ ಔಷಧಗಳನ್ನು ನಿಷ್ಕ್ರಿಯಗೊಳಿಸುವುದಿಲ್ಲ ಎಂದೂ ತಿಳಿಸಿದೆ.

ವಾರದೊಳಗೆ ಅವರನ್ನು ಹೊರರೋಗಿ ವಿಭಾಗಕ್ಕೆ ಹಾಕಿದರು. ಈಗ ನಿದ್ರೆ ಬರುತ್ತದೆ. ಆದರೆ ಅವರ ಜಾಗಕ್ಕೆ ಬಂದ ಹುಡುಗಿ ಅದೇ ಮೇಜಿನ ಮುಂದೆ ನಿಂತಿದ್ದಾಳೆಂದು ಕಳೆದ ಭೇಟಿಯಲ್ಲಿ ಬೇಸರಪಟ್ಟರು. ಕ್ಯಾಬಿನೆಟ್‌ಗಾಗಿ ಬರೆಯುತ್ತಿರುವ ಎರಡನೆಯ ಪತ್ರಕ್ಕೆ ಈ ಸಲ ಐವರ ಸಹಿ ಇದೆ.