ಪೇಟೆ ಮೇಲೆ ಹಾರೋ ಸ್ವಿಫ್ಟ್ ಅನ್ನೋ ಹಕ್ಕಿ, ಅಡಿಕೆ ತೋಟದ ಮೇಲೆ ಹಾರೋ ಸ್ವಿಫ್ಟು ಎರಡೂ ಒಂದೇನಾ?

ಇಲ್ಲ, ಬೇರೆ ಬೇರೆ. ಶಿವಮೊಗ್ಗ ಪೇಟೇಲಿ ಸಂಜೆ ಹೊತ್ತು ಗುಂಪುಗುಂಪಾಗಿ ಕಿರುಚ್ಕೊಂಡು ಸುತ್ತೋ ಹಕ್ಕಿ, ನಿಮ್ ತೋಟದ ಮೇಲೆ ನಾಲ್ಕೈದು ಸೇರಿ ಹಾರಾಡೋ ಸಣಕಲು ಕಂದು ಹಕ್ಕಿ ಒಂದೇ ಜಾತೀನಾ ಅಂತ ತಾನೆ ನೀವು ಕೇಳಿರೋದು? ಪೇಟೇದು ಲಿಟಲ್ ಸ್ವಿಫ್ಟ್. ತೋಟದ್ದು ನೀವು ಹೇಳೋ ಲಕ್ಷಣ ನೋಡಿದ್ರೆ ಏಷ್ಯನ್ ಪಾಮ್ ಸ್ವಿಫ್ಟ್.

ಎಲ್ರೂ ಬಾಲ ನೋಡಿ ಅಂತಾರೆ, ನಾನು ಮೊದ್ಲು ಸೊಂಟ, ಅಂದ್ರೆ ಬೆನ್ನು ಬಾಲ ಸೇರೋ ಜಾಗ, ನೋಡಿ ಅಂತೀನಿ. ಪಾಮ್ ಸ್ವಿಫ್ಟ್ ಬಾಲ ಆಳವಾಗಿ ಸೀಳಿರುತ್ತೆ ನಿಜ, ಆದ್ರೆ ಅದು ನೇರ ಹಾರುವಾಗ ಬಾಲ ಮುಚ್ಕೊಂಡು ಒಂದೇ ಸೂಜಿ ಥರ ಕಾಣುತ್ತೆ, ತಿರುಗುವಾಗ ಮಾತ್ರ ಕವಲು ಬಿಚ್ಚುತ್ತೆ, ಅಷ್ಟ್ರಲ್ಲಿ ಹಕ್ಕಿ ಮರದ ಆಚೆ. ಸೊಂಟ ಹಾಗಲ್ಲ. ಲಿಟಲ್ ಸ್ವಿಫ್ಟಿಗೆ ಬಾಲದ ಬುಡದಲ್ಲಿ ಬಿಳಿ ಪಟ್ಟಿ ಇರುತ್ತೆ, ಗಂಟಲೂ ಬಿಳಿ, ಉಳಿದ ಮೈಯೆಲ್ಲ ಮಸಿ ಕಪ್ಪು, ಬಾಲ ಮೋಟು. ಪಾಮ್ ಸ್ವಿಫ್ಟ್ ಮೈಮೇಲೆ ಎಲ್ಲೂ ಬಿಳಿ ಪಟ್ಟಿ ಇಲ್ಲ, ಇಡೀ ಮೈ ಮಾಸಲು ಕಂದು. ಅಳತೇಲಿ ಎರಡೂ ಹೆಚ್ಚುಕಮ್ಮಿ ಒಂದೇ, ಆಕಾಶದಲ್ಲಿ ವ್ಯತ್ಯಾಸ ಗೊತ್ತಾಗಲ್ಲ ಬಿಡಿ.

ಕಷ್ಟ ಏನಂದ್ರೆ ಆ ಬಿಳಿ ಸೊಂಟ ಕೆಳಗಿಂದ ಸರಿಯಾಗಿ ಕಾಣಲ್ಲ. ಅದಕ್ಕೆ ಎತ್ತರದಲ್ಲಿ ನಿಂತು ನೋಡ್ಬೇಕು. ನಾನು ಕಲ್ತಿದ್ದು ತೀರ್ಥಹಳ್ಳಿ ಕಮಾನು ಸೇತುವೆ ಮೇಲೆ ನಿಂತು, ತುಂಗೆ ನೀರಿನ ಮೇಲೆ ಹುಳ ಹಿಡೀತಾ ಹೋಗೋವಾಗ ಅವುಗಳ ಬೆನ್ನು ನಮ್ಮ ಕಣ್ಣಿನ ಕೆಳಗೇ ಬರುತ್ತೆ, ಆಗ ಆ ಬಿಳಿ ಸುಣ್ಣ ಬಳಿದಂಗೆ ಹೊಳೆಯುತ್ತೆ.

ತಂತಿ ಮೇಲೆ ಸಾಲಾಗಿ ಕೂತಿದ್ರೆ ಅದು ಸ್ವಿಫ್ಟ್ ಅಲ್ವೇ ಅಲ್ಲ, ಸ್ವಾಲೋ ಅನ್ನೋ ಬೇರೆ ಹಕ್ಕಿ. ಸ್ವಿಫ್ಟಿಗೆ ತಂತಿ ಮೇಲೆ ಕೂರೋವಂಥ ಕಾಲಿಲ್ಲ. ಅಪುಸ್ ಅನ್ನೋ ಶಾಸ್ತ್ರೀಯ ಹೆಸರಿನ ಅರ್ಥಾನೇ ಕಾಲಿಲ್ಲದ್ದು ಅಂತ. ಹೋದ ಮಳೆಗಾಲದಲ್ಲಿ ನಮ್ಮ ಜಗುಲಿಗೆ ಒಂದು ಲಿಟಲ್ ಸ್ವಿಫ್ಟ್ ಬಿದ್ದಿತ್ತು. ಕೈಯಲ್ಲಿ ತಗೊಂಡ್ರೆ ಕಾಲು ಪುಕ್ಕದೊಳಗೆ ಹುದುಗಿ ಹೋಗಿದೆ, ಆದ್ರೆ ಉಗುರು ಮಾತ್ರ ನನ್ ಶರ್ಟಿಗೆ ಕಚ್ಕೊಂಡಿದ್ದು ಬಿಡಿಸೋಕೇ ಆಗ್ಲಿಲ್ಲ, ಮಡಚಿದ ರೆಕ್ಕೆ ಬಾಲ ದಾಟಿ ಕತ್ತರಿ ಥರ ಒಂದರ ಮೇಲೊಂದು. ಮಳೆ ನಿಂತ ಮೇಲೆ ಅಂಗಳದಲ್ಲಿ ಅಂಗೈ ಎತ್ತಿ ಹಿಡಿದೆ, ಸ್ವಲ್ಪ ಹೊತ್ತು ನಡುಗ್ತಾ ಇತ್ತು, ಆಮೇಲೆ ತಾನೇ ಜಾರಿ ಹೋಯ್ತು. ನಿಮಗೂ ಸಿಕ್ಕಿದ್ರೆ ದಯವಿಟ್ಟು ಮೇಲಕ್ಕೆ ಎಸೀಬೇಡಿ, ಪೆಟ್ಟಾಗಿದ್ರೆ ಕೆಳಗೆ ಬಿದ್ದು ಸಾಯುತ್ತೆ.

ಗೂಡು ಸಿಕ್ರೆ ಅನುಮಾನವೇ ಬೇಡ. ಲಿಟಲ್ ಸ್ವಿಫ್ಟ್ ಹುಲ್ಲು ಪುಕ್ಕ ಎಲ್ಲ ಎಂಜಲಲ್ಲಿ ಅಂಟಿಸಿ ಹಳೇ ಕಟ್ಟಡದ ಸೂರು, ಸೇತುವೆ ಅಡಿ ಒಂದಕ್ಕೊಂದು ತಾಗಿದಂಗೆ ಗುಂಪಾಗಿ ಕಟ್ಟುತ್ತೆ. ಪಾಮ್ ಸ್ವಿಫ್ಟ್ ತಾಳೆ ಜಾತಿ ಮರದ ಗರಿಯ ಅಡೀಲಿ ಪುಟ್ಟ ಬಟ್ಟಲಿನ ಥರ ಅಂಟಿಸುತ್ತೆ.

ಜೋಗದಲ್ಲಿ ನೋಡೋದು ಇವೆರಡೂ ಅಲ್ಲದೇ ಇರಬಹುದು, ಹೊಟ್ಟೆ ಬಿಳಿ, ಎದೆಗೆ ಕಂದು ಪಟ್ಟಿ, 22 ಸೆಂಟಿಮೀಟರ್ ಉದ್ದ ಇದ್ರೆ ಅದು ಆಲ್ಪೈನ್ ಸ್ವಿಫ್ಟ್, ಜಲಪಾತದ ಬಂಡೆಗಳಲ್ಲೇ ಅದರ ವಾಸ.

ತೋಟದಲ್ಲಿ ಜೋತು ಬಿದ್ದ ಒಣಗರಿ ಕೀಳಿಸೋ ಮುಂಚೆ ಮಾತ್ರ ಕೆಳಗೆ ನಿಂತು ಒಂದ್ಸಲ ನೋಡಿ, ಒಂದೇ ಗರಿಗೆ ಹಕ್ಕಿ ಪದೇ ಪದೇ ಬಂದು ಅಂಟ್ಕೊಳ್ತಾ ಇದ್ರೆ ಆ ಗರಿ ಸ್ವಲ್ಪ ದಿನ ಹಾಗೇ ಇರಲಿ.