ಕೇಳದೆ ಬರುವ ಲೋಟ

(ಪತ್ರದ ಸಾರ: ಕಳೆದ ಸಂಚಿಕೆಯ ಗ್ರೀಸ್‌ನ ಕ್ರೀಟ್ ದ್ವೀಪದ ಪ್ರವಾಸ ಲೇಖನದಲ್ಲಿ ಮನೆಗೆ ಬಂದವರಿಗೆ ರಾಕಿ ಎಂಬ ಮದ್ಯ ಕೊಡುವ ಪದ್ಧತಿಯನ್ನು ಹೊಗಳಿದ್ದೀರಿ. ಸಾರಾಯಿ ಪಾಕೀಟು ಎಷ್ಟು ಮನೆ ಮುರಿಯಿತೆಂದು ಕಣ್ಣಾರೆ ಕಂಡವಳು ನಾನು. ಅಲ್ಲಿ ಕುಡಿದರೆ ಸಂಸ್ಕೃತಿ, ಇಲ್ಲಿ ಕುಡಿದರೆ ಚಟವೇ? ಇನ್ನೊಂದು, ನೀರು ಬೆರೆಸಿದರೆ ರಾಕಿ ಹಾಲಿನಂತಾಗುತ್ತದೆ ಎಂಬುದು ತಪ್ಪು ಎನ್ನುತ್ತಾನೆ ಗ್ರೀಸ್‌ನಲ್ಲಿರುವ ನನ್ನ ಮಗ. — ನಿವೃತ್ತ ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ)

ಮಾನ್ಯರೇ,

ನಿಮ್ಮ ಮಗ ಹೇಳಿದ್ದೇ ಸರಿ. ನೀರು ಬಿದ್ದೊಡನೆ ಬೆಳ್ಳಗಾಗುವುದು ಸೋಂಪಿನ ಎಣ್ಣೆಯಂಶವಿರುವ ಗ್ರೀಸ್‌ನ ಇನ್ನೊಂದು ಮದ್ಯ ಊಜೊ ಮತ್ತು ತುರ್ಕಿಯ ರಾಕಿ. ಕ್ರೀಟ್‌ನವರು ಸೋಂಪು ಹಾಕುವುದಿಲ್ಲ. ಬಾಯಿಮಾತಿನಲ್ಲಿ ರಾಕಿ ಎಂದೇ ಕರೆದರೂ ಅದರ ನಿಜವಾದ ಹೆಸರು ತ್ಸಿಕೂದಿಯಾ. ಆ ಹೆಸರಿಗೆ ಐರೋಪ್ಯ ಒಕ್ಕೂಟದ ಭೌಗೋಳಿಕ ಸೂಚಕದ ರಕ್ಷಣೆಯೂ ಇದೆ. ತಪ್ಪು ಬರೆದವರು ಲೇಖಕರು, ಕಣ್ಣುಮುಚ್ಚಿ ಅಚ್ಚಿಗೆ ಕಳಿಸಿದವನು ನಾನು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಆ ಪಾನೀಯ ಹುಟ್ಟುವ ಬಗೆಯನ್ನು ಲೇಖನ ಹೇಳಲೇ ಇಲ್ಲ, ಅದನ್ನು ಹೇಳದೆ ಉತ್ತರಿಸಲಾಗದು. ವೈನ್‌ಗೆಂದು ದ್ರಾಕ್ಷಿ ಹಿಂಡಿದ ಮೇಲೆ ಉಳಿದ ಸಿಪ್ಪೆ, ಬೀಜಗಳ ಹಿಪ್ಪೆಯನ್ನು ಪೀಪಾಯಿಯಲ್ಲಿ ಕೆಲವು ವಾರ ಹುಳಿಯಲು ಬಿಡುತ್ತಾರೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಅದು ತಾಮ್ರದ ಹಂಡೆ ಸೇರುತ್ತದೆ. ಮುಚ್ಚಳದ ಸಂದಿಗೆ ಕಲಸಿದ ಹಿಟ್ಟು ಮೆತ್ತುತ್ತಾರೆ. ಬೆಂಕಿ ಏರಿದಂತೆ ಆ ಹಿಟ್ಟು ರೊಟ್ಟಿಯ ಅಂಚಿನಂತೆ ಕಂದುಗಟ್ಟುತ್ತದೆ. ಎಲ್ಲಾದರೂ ಬಿರುಕಿನಿಂದ ಆವಿ ಸುಯ್ಯೆಂದರೆ ಕಾಯುತ್ತ ಕುಳಿತವನು ಇನ್ನೊಂದು ಚಿಟಿಕೆ ಹಿಟ್ಟು ಒತ್ತುತ್ತಾನೆ. ಕೊಳವೆಯ ಆವಿ ತಣ್ಣೀರಿನ ತೊಟ್ಟಿ ದಾಟುವಾಗ ಹನಿಯಾಗುತ್ತದೆ. ಮೊದಲು ಇಳಿಯುವ 'ಪ್ರೊತೊರಾಕಿ' ಬಲು ಉಗ್ರ. ಅದನ್ನು ಬೇರೆ ಎತ್ತಿಡುತ್ತಾರೆ. ಅಷ್ಟರಲ್ಲಿ ಕೆಂಡದಲ್ಲಿ ಆಲೂಗೆಡ್ಡೆ ಬೆಂದಿರುತ್ತದೆ, ದಾಳಿಂಬೆ ಬಿಡಿಸಿಟ್ಟಿರುತ್ತದೆ, ಕರೆಯದ ನೆರೆಯವರೂ ಬಂದು ಕೂತಿರುತ್ತಾರೆ.

ಅರಬ್ಬಿಯಲ್ಲಿ 'ಅರಕ್' ಎಂದರೆ ಬೆವರು. ಭಟ್ಟಿಯ ಆ ಬೆವರಹನಿಯಿಂದಲೇ ರಾಕಿ ಎಂಬ ಹೆಸರೂ ಬಂತು, ನಮ್ಮ ಸಾರಾಯಿಯನ್ನು ಇಂಗ್ಲಿಷಿನವರು ಕರೆದ 'ಅರಾಕ್' ಕೂಡ. ನೀವು ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮಲ್ಲಿ ಸಾರಾಯಿ ಹರಾಜಿನ ಸರಕಾಗಿತ್ತು. ಗುತ್ತಿಗೆದಾರ ಕಟ್ಟಿದ ಹಣ ಹಿಂದೆ ಬರಬೇಕಾದರೆ ಕೂಲಿಯವನ ಸಂಜೆಯ ದುಡ್ಡು ಅಂಗಡಿಗೆ ಬೀಳಲೇಬೇಕು. 2007ರ ಜುಲೈನಲ್ಲಿ ಅದು ನಿಷೇಧವಾದಾಗ ನಿಟ್ಟುಸಿರು ಬಿಟ್ಟವರಲ್ಲಿ ನೀವೂ ಒಬ್ಬರು, ನಾನೂ ಒಬ್ಬ. ಕ್ರೀಟ್‌ನಲ್ಲಿ ಲೋಟ ತುಂಬುವವನಿಗೆ ಅದರಿಂದ ಕಾಸು ಬರುವುದಿಲ್ಲ. ಊಟ ಮುಗಿಸಿ ಲೆಕ್ಕ ಕೇಳಿದರೆ ಹಣ್ಣಿನ ಹೋಳುಗಳ ಜೊತೆ ಪುಟ್ಟ ಸೀಸೆಯೊಂದು ಬರುತ್ತದೆ, ಬಿಲ್ಲಿನಲ್ಲಿ ಅದು ಇರುವುದಿಲ್ಲ. ಇದಕ್ಕೆ ಅವರು 'ಕೆರಾಸ್ಮಾ' ಎನ್ನುತ್ತಾರೆ. ನಮ್ಮ ಕರಾವಳಿಯ ಮನೆಗಳಲ್ಲಿ ಬಿಸಿಲಿನಿಂದ ಬಂದವರ ಮುಂದೆ ಬೆಲ್ಲ, ನೀರು ಇಡುತ್ತಾರಲ್ಲ, ಆ ಜಾತಿಯದು.

ಹಾಗೆಂದು ಅಲ್ಲಿ ಎಲ್ಲವೂ ಚೊಕ್ಕ ಎನ್ನಲಾರೆ. ಸಣ್ಣ ಬೆಳೆಗಾರರು ಎರಡು ದಿನ ಇಳಿಸುವ ಭಟ್ಟಿಗೆ ಕೊಟ್ಟ ತೆರಿಗೆ ರಿಯಾಯಿತಿ ದೊಡ್ಡ ವ್ಯಾಪಾರಕ್ಕೂ ದಾರಿಯಾಯಿತು. ನೀರಿನ ಪ್ಲಾಸ್ಟಿಕ್ ಬಾಟಲಿಗಳಲ್ಲಿ ತುಂಬಿದ್ದು ಸಗಟಾಗಿ ಓಡಾಡಿತು. ಗ್ರೀಸ್ ಕೊಟ್ಟ ಸುಂಕ ರಿಯಾಯಿತಿ ಒಕ್ಕೂಟದ ನಿಯಮಕ್ಕೆ ವಿರುದ್ಧ ಎಂದು 2019ರಲ್ಲಿ ಐರೋಪ್ಯ ನ್ಯಾಯಾಲಯವೇ ಹೇಳಿತು. ನಮ್ಮ ಲೇಖನ ಇದನ್ನು ಬಿಟ್ಟಿದ್ದು ಕೊರತೆಯೇ. ಪ್ರವಾಸ ಲೇಖನಗಳಿಗೆ ಜೇನಿನ ಮೇಲೆ ಕಣ್ಣು, ನೊಣದ ಮೇಲಲ್ಲ.

ಕುಡಿಯದವರ ಗತಿ ಏನು ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ನಾನು ಅಂಥವನೇ. ಕ್ರೀಟ್‌ನ ಹಾನ್ಯಾ ಪಟ್ಟಣದ ಕಡೆಯ ಒಂದು ಬೆಟ್ಟದೂರಿನ ಮನೆಯಲ್ಲಿ ಬೇಡವೆಂದು ಕೈ ಅಡ್ಡ ಹಿಡಿದೆ. ಮನೆಯ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದರು. ಸಕ್ಕರೆ ಪಾಕದಲ್ಲಿ ಬೇಯಿಸಿದ ಹಣ್ಣು, ಪಕ್ಕದಲ್ಲೊಂದು ಚಮಚ, ದೊಡ್ಡ ಲೋಟದಲ್ಲಿ ನೀರು ತಂದಿಟ್ಟರು. ರಾಕಿಯ ಲೋಟವನ್ನು ಮಾತ್ರ ಎತ್ತಲಿಲ್ಲ. ಅದು ತುಂಬಿಕೊಂಡೇ ನನ್ನ ಮುಂದೆ ಅರ್ಧ ತಾಸು ಕೂತಿತ್ತು. ನಾನು ಹೊರಡಲು ಎದ್ದಾಗ ಯಜಮಾನರು ನನ್ನ ಪರವಾಗಿ ಒಂದೇ ಗುಟುಕಿಗೆ ಮುಗಿಸಿದರು.

— ಸಂಪಾದಕ